ಹೇರಿಗಿಷ್ಟು, ಮೂಟೆಗಿಷ್ಟು: ಪಟ್ಟಣಸ್ವಾಮಿಯ ಶಾಸನದಿಂದ ಕಾಫಿ ತೋಟದ ನೆರಳಿನವರೆಗೆ

ಹೊಯ್ಸಳರ ಮೂಲ ನೆಲೆ ಸೊಸೆವೂರು ಈಗ ಮೂಡಿಗೆರೆ ತಾಲೂಕಿನ ಅಂಗಡಿ ಅನ್ನೋ ಹಳ್ಳಿ. ನಮ್ಮಂಥ ಶಾಸನದ ಹುಚ್ಚಿನವರು ಅಲ್ಲಿಗೆ ಹೋಗುವುದು ಸಳನ ಕಥೆಗಾಗಿ, ವಾಸಂತಿಕೆಯ ಗುಡಿಗಾಗಿ, ಬಸದಿಗಳಿಗಾಗಿ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಆ ಊರಿನ ಹೆಸರು. ರಾಜವಂಶವೊಂದು ಹುಟ್ಟಿದ ಊರು ಜನರ ಬಾಯಲ್ಲಿ ಉಳಿದದ್ದು ಅಂಗಡಿಯಾಗಿ! ಸುತ್ತ ನೋಡಿದರೆ ಕಾಫಿ ತೋಟ, ಕಾಫಿ ಮರಕ್ಕೆ ನೆರಳಾದ ದೊಡ್ಡ ಮರ, ಆ ಮರಕ್ಕೆ ಹಬ್ಬಿದ ಮೆಣಸು. ಕಾಫಿ ಆಮೇಲೆ ಬಂದದ್ದು. ಮೆಣಸು, ಏಲಕ್ಕಿ, ಅಡಕೆಗಳ ವ್ಯಾಪಾರ ಈ ಬೆಟ್ಟಗಳಿಗೆ ಬಹಳ ಹಳೆಯದು.

ಆ ಕಾಲದ ದೊಡ್ಡ ವ್ಯಾಪಾರ ಅಂದರೆ ಅಯ್ಯಾವೊಳೆ ಐನೂರ್ವರದು. ಬಳ್ಳಿಗಾವೆಯ ಶಾಸನದಲ್ಲಿ ಅವರ ಸರಕಿನ ಪಟ್ಟಿಯೇ ಇದೆ: ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಹೊಗಳಿಕೆಯ ಭಾಗವನ್ನು ದಾಟಿ ದಾನದ ಭಾಗಕ್ಕೆ ಬನ್ನಿ, ಇಂಥ ಸಂಘಗಳ ಶಾಸನಗಳ ನಿಜವಾದ ತಿರುಳು ಅಲ್ಲಿದೆ. ಮೆಣಸಿನ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು. ವ್ಯಾಪಾರಿಗಳು ತಮ್ಮ ಮೇಲೆ ತಾವೇ ಹಾಕಿಕೊಂಡ ಆಯ ಇದು. ಲಾಭ ಬಂದರೆ ಕೊಡೋಣ ಅನ್ನೋ ಮಾತಿಲ್ಲ. ಎತ್ತಿನ ಬೆನ್ನ ಮೇಲೆ ಹೇರು ಹತ್ತಿತು ಅಂದರೆ ಅದರ ಪಾಲು ಹೊರಟಿತು, ಅಷ್ಟೇ. ಹೆಚ್ಚಿನದು ದೇವರಿಗೆ, ಬಸದಿಗೆ, ಮಠಕ್ಕೆ ಹೋಗುತ್ತಿತ್ತು, ನಿಜ. ಕೆರೆಗೂ ಹೀಗೇ ನಿಂತ ಏರ್ಪಾಡುಗಳಿದ್ದವು. ಬಿತ್ತುವಟ್ಟ ಅಂತ ನೀವು ಓದಿರುತ್ತೀರಿ. ಕೆರೆ ಕಟ್ಟಿಸಿದವನು ಸತ್ತ ಮೇಲೂ ಏರಿಗೆ ಮಣ್ಣು ಬೀಳಬೇಕು, ಹೂಳೆತ್ತುವ ಬಂಡಿ ಓಡಬೇಕು, ಅದಕ್ಕಾಗಿ ತೆಗೆದಿಟ್ಟ ಪಾಲು ಅದು.

ಒಬ್ಬ ವರ್ತಕನ ಹೆಸರು ಹೇಳಿ ಅಂದರೆ ನಾನು ಹೇಳುವುದು ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯದು. ಅವನ ಶಾಸನ ಇರುವುದು ಹೊಂಬುಜದಲ್ಲಿ, ಅಂದರೆ ಹೊಸನಗರ ತಾಲೂಕಿನ ಹುಂಚದಲ್ಲಿ. ಕಾಫಿ ಸೀಮೆಯಿಂದ ಅದು ತುಸು ಬಡಗಲು. ಆದರೆ ಹೊಂಬುಜವನ್ನು ಆಳಿದ ಸಾಂತರರ ವಂಶದವರೇ ಮುಂದೆ ಕಳಸದಿಂದಲೂ ಕಾರ್ಕಳದಿಂದಲೂ ಆಳಿದ್ದು. ಹಾಗಾಗಿ ನನ್ನ ಪಾಲಿಗೆ ಇದೆಲ್ಲ ಒಂದೇ ಬೆಟ್ಟಸಾಲಿನ ಕಥೆ. ವರ್ಷ 1062, ದೊರೆ ವೀರ ಸಾಂತರ. ನೊಕ್ಕಯ್ಯ ಪಟ್ಟಣದ ವರ್ತಕರ ಮುಖಂಡ. ಅವನು ಜಿನಾಲಯ ಕಟ್ಟಿಸಿದ, ಕೆರೆಗಳನ್ನು ಕಟ್ಟಿಸಿದ. ಇಂಜಿನಿಯರ್ ಆದ ನನ್ನ ಕಣ್ಣು ನಿಂತದ್ದು ಇನ್ನೊಂದು ಸಂಗತಿಯ ಮೇಲೆ: ನೂರು ಗದ್ಯಾಣ ಕೊಟ್ಟು ಉಗುರೆ ಹೊಳೆಯ ನೀರನ್ನು ಪಾಗಿಮಗಲದ ಕೆರೆಗೆ ಹಾಯಿಸಿದ. ಹೊಸ ಕೆರೆ ಕಟ್ಟಿದರೆ ಹೆಸರು ಬರುತ್ತದೆ. ಇರುವ ಕೆರೆಗೆ ನೀರು ತರುವುದು ಹೆಸರಿಲ್ಲದ ಕೆಲಸ. ಮಟ್ಟ ನೋಡಬೇಕು, ಕಾಲುವೆ ತೋಡಿಸಬೇಕು, ನಡುವಿನ ಗದ್ದೆಯವರನ್ನು ಒಪ್ಪಿಸಬೇಕು. ಅದಕ್ಕೂ ಒಬ್ಬ ಸೆಟ್ಟಿ ಚಿನ್ನ ಎಣಿಸಿಕೊಟ್ಟ.

ಶಾಸನ ಕೊಟ್ಟವನ ಖರ್ಚಿನಲ್ಲೇ ಕೆತ್ತಿದ್ದು ಅನ್ನೋದನ್ನು ಮರೆಯಬಾರದು. ಕಾಲುವೆ ತೋಡಿದವರ ಹೆಸರು ಅದರಲ್ಲಿಲ್ಲ. ಕೆರೆ ತುಂಬಿದರೆ ಊರು ಬೆಳೆಯುತ್ತದೆ, ಊರು ಬೆಳೆದರೆ ಸಂತೆ ನಡೆಯುತ್ತದೆ, ಸೆಟ್ಟಿಗೆ ಪುಣ್ಯವೂ ಬಂತು, ವ್ಯಾಪಾರವೂ ಬಂತು. ಅದರಲ್ಲಿ ತಪ್ಪೇನಿದೆ? ನೆಲ ನೀರು ಉಳಿದರೆ ಮಾತ್ರ ತನ್ನ ದಂಧೆ ಉಳಿಯುತ್ತದೆ ಅನ್ನೋ ಲೆಕ್ಕ ಅವನಿಗೆ ಗೊತ್ತಿತ್ತು.

ಈಗ ಕಾಫಿಗೆ ಬರೋಣ. ಈ ಬೆಟ್ಟಗಳಲ್ಲಿ ಕೆರೆಯ ಜಾಗದಲ್ಲಿ ನಿಲ್ಲುವುದು ನೆರಳಿನ ಮರ. 1860ರ ದಶಕದಲ್ಲಿ ಬೋರರ್ ಹುಳ, ಅಂದರೆ ಕಾಂಡಕೊರಕ, ಮೈಸೂರು ಮತ್ತು ಕೊಡಗಿನ ತೋಟಗಳನ್ನು ತಿಂದುಹಾಕಿತು. ಬಿಸಿಲಿಗೆ ತೆರೆದ ತೋಟಗಳಿಗೇ ಹೆಚ್ಚು ಪೆಟ್ಟು. ತನಿಖೆ ಮಾಡಿದ ಡಾ. ಜಾರ್ಜ್ ಬಿಡೀ ನೆರಳು ಬೇಕು ಅಂದರು. ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿನ ಬಗ್ಗೆ ವಿಸ್ತಾರವಾಗಿ ಬರೆದ, ಅದೂ ಬಸರಿ, ಗೋಣಿ ಅಂತ ನಮ್ಮ ಜನರ ಹೆಸರುಗಳನ್ನೇ ಬಳಸಿ. ದೊರೆಗಳ ಕಾಲದ ತೋಟದ ಕೂಲಿಯ ಕಥೆ ಬೇರೆಯೇ ಇದೆ, ಅದನ್ನು ಮರೆಸೋಕೆ ಇದನ್ನು ಹೇಳುತ್ತಿಲ್ಲ. ಮರಗಸಿ ಮಾಡಿ ನೆರಳನ್ನು ಹದ ಮಾಡುವ ಕ್ರಮ ನಮ್ಮ ತೋಟಗಳಲ್ಲಿ ನಿಂತದ್ದಕ್ಕೆ ಆ ತಲೆಮಾರಿನ ಪಾಠವೂ ಒಂದು ಕಾರಣ.

ಆಮೇಲೆ ಈ ದಂಧೆಯೂ ಹೇರಿಗಿಷ್ಟು ಅನ್ನೋ ಪದ್ಧತಿಗೆ ಬಂತು. 1935ರ ಕಾನೂನಿನಂತೆ ಕಾಫಿಗೆ ಸೆಸ್ ಬಿತ್ತು, ಸೆಸ್ ಸಮಿತಿ ಹುಟ್ಟಿತು, ಅದೇ ಇಂಡಿಯಾ ಕಾಫಿ ಹೌಸ್ ತೆರೆಯಿತು. 1942ರ ಕಾಫಿ ಕಾಯ್ದೆ ಬಂದ ಮೇಲೆ ಕಾಫಿ ಬೋರ್ಡ್. ಗಮನಿಸಿ, ಆ ಸೆಸ್ ಹೊರಟದ್ದು ಕಾಫಿ ಕುಡಿಸುವುದಕ್ಕೆ. ನೆರಳಿನ ಮರಕ್ಕೆ ಅಂತ ಹೇರಿನ ಪಾಲು ಯಾರೂ ಬರೆದಿಡಲಿಲ್ಲ. ಅದು ಬೆಳೆಗಾರನ ತಲೆಯ ಮೇಲೇ ಉಳಿಯಿತು.

ಅದರ ಫಲ ಮೂಡಿಗೆರೆ, ಕಳಸದ ದಾರಿಯಲ್ಲಿ ಕಾಣುತ್ತದೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಬಹುದು, ಕಡಿಯಲು ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕಿಲ್ಲ. ಕಾಡುಮರಕ್ಕೆ ಅನುಮತಿ ಬೇಕು. ಹಾಗಾದಾಗ ಬೆಳೆಗಾರ ಯಾವುದನ್ನು ನೆಡುತ್ತಾನೆ? ಅವನನ್ನು ಬಯ್ದು ಪ್ರಯೋಜನವಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿತು. ಅಂಥ ಕುಸಿತಕ್ಕೆ ಕಾರಣ ಒಂದೇ ಅಲ್ಲ. ಆದರೂ ಇಳಿಜಾರಿನಲ್ಲಿ ಆಳಕ್ಕೆ ಬೇರು ಬಿಟ್ಟ ಮರದ ಬೆಲೆ ಏನು ಅಂತ ಆ ಮಳೆ ನೋಡಿದವರಿಗೆ ಗೊತ್ತು.

ಹೊರಗಿನ ವ್ಯಾಪಾರವೂ ಈಗ ಷರತ್ತು ಹಾಕುತ್ತಿದೆ. 2023ರಲ್ಲಿ ಐರೋಪ್ಯ ಒಕ್ಕೂಟ ಮಾಡಿದ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗುತ್ತಿದೆ, ಅದು ಬೇರೆ ಮಾತು. ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. ಓದಿದಾಗ ನನಗೆ ನಮ್ಮ ದಾನಶಾಸನಗಳ ಸೀಮೆಯ ಭಾಗ ನೆನಪಾಯಿತು. ಮೂಡಲು ಇಂಥ ಮರ, ತೆಂಕಲು ಹುತ್ತ, ಪಡುವಲು ಹಳ್ಳ, ಬಡಗಲು ನಟ್ಟ ಕಲ್ಲು. ಅಲ್ಲಿ ಮರವೇ ಗಡಿ. ಮರ ಹೋದರೆ ದಾನದ ಎಲ್ಲೆಯೇ ಹೋಯಿತು. ಹೊಸ ಕಾನೂನು ತೋಟವನ್ನು ಕೃಷಿಭೂಮಿ ಅಂತ ಎಣಿಸುತ್ತದೆ. ಆದ್ದರಿಂದ ಇರುವ ತೋಟದೊಳಗಿನ ಗೋಣಿ, ಅತ್ತಿ ಮರಗಳನ್ನು ಕಡಿದರೂ ಅದರ ಲೆಕ್ಕಕ್ಕೆ ಬಾರದು.

ಇನ್ನು ಕಂಪನಿ ಕಾಯ್ದೆ 2013ರ ಶೇ. 2. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಮೇಲೆ ಅಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ಅದು ಲಾಭದ ಪಾಲು, ಐನೂರ್ವರದು ಸರಕಿನ ಪಾಲು. ಲಾಭ ಇಲ್ಲದ ವರ್ಷವೂ ಮಣ್ಣು ಕೊಚ್ಚುತ್ತದಲ್ಲ!

ಒಂದು ಲೆಕ್ಕ ಹಾಕಿದೆ. ದೇಶದ ಕಾಫಿ ಬೆಳೆ ವರ್ಷಕ್ಕೆ ಸುಮಾರು 3.5 ಲಕ್ಷ ಟನ್, 50 ಕಿಲೋ ಮೂಟೆಯಲ್ಲಿ 70 ಲಕ್ಷ. ಕರ್ನಾಟಕದ್ದು ಅದರಲ್ಲಿ ಹತ್ತಿರ ಹತ್ತಿರ ಶೇ. 70. ಕೊಳ್ಳುವವರು, ರಫ್ತು ಮಾಡುವವರು ಸೇರಿ ಮೂಟೆಗೆ 10 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ ಸುಮಾರು 5 ಕೋಟಿ. ಕಾಡುಮರ ಉಳಿಸಿಕೊಂಡ ಸಣ್ಣ ಬೆಳೆಗಾರರಿಗೆ ಅದು ಹೋಗಬಹುದು. ವಸೂಲಿಗೆ ಹೊಸ ಕಚೇರಿಯೂ ಬೇಡ. ಕ್ಯೂರಿಂಗ್ ವರ್ಕ್ಸ್ ಗೇಟಿನಲ್ಲಿ ಪ್ರತಿ ಲೋಡೂ ಈಗಲೂ ತೂಕವಾಗಿಯೇ ಒಳಗೆ ಹೋಗುತ್ತದೆ.