ನೆಲದ ಬೆಲೆ, ನೆಲೆಯ ಬೆಲೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಈ ಗಾದೆಯಲ್ಲಿ ಇಲ್ಲದ ಒಂದು ಮಾತನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಟ್ಟುವ ಕಷ್ಟವನ್ನು ಅವರು ಹೇಳಿದರೇ ಹೊರತು, ಕಟ್ಟುವುದಕ್ಕೆ ಬೇಕಾದ ಜಾಗವನ್ನು ಕೊಳ್ಳುವ ಕಷ್ಟವನ್ನು ಹೇಳಲಿಲ್ಲ. ಇಂದು ಯಾರಾದರೂ ಗಾದೆ ಕಟ್ಟಹೊರಟರೆ “ಜಾಗ ಕೊಂಡು ನೋಡು” ಎಂದೇ ಮೊದಲು ಮಾಡಿಯಾರು. ಕಲ್ಲು, ಮಣ್ಣು, ಮರಗಳಿಗಿದ್ದ ಬೆಲೆ ಬರಿಯ ನೆಲಕ್ಕೆ ಯಾವಾಗ ಬಂದಿತು? ಅದು ಊರಿಗೊಂದು ಬಗೆಯಾಗಿ ಏಕೆ ಬಂದಿತು? ಇವು ಅರ್ಥಶಾಸ್ತ್ರದ ಪ್ರಶ್ನೆಗಳಂತೆ ಕಂಡರೂ ಇವುಗಳ ಉತ್ತರವನ್ನು ಇತಿಹಾಸದಲ್ಲಿಯೇ ಹುಡುಕಬೇಕಾಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು ಈ ಹುಡುಕಾಟಕ್ಕೆ ಒಳ್ಳೆಯ ನಿದರ್ಶನ.

ಈ ನಾಲ್ಕೂ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. ಕನಕಗಿರಿ, ಕಾರಟಗಿ, ಕುಕನೂರು ಎಂಬ ಹೊಸ ತಾಲೂಕುಗಳು ಈಚೆಗೆ ಇವುಗಳಿಂದಲೇ ಒಡೆದು ಹುಟ್ಟಿದವು. ಕೊಪ್ಪಳದಿಂದ ಉಳಿದ ಮೂರು ಊರುಗಳಿಗೂ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಆಡುವ ಮಾತು ಒಂದೇ, ಉಣ್ಣುವ ರೊಟ್ಟಿ ಒಂದೇ. ಆದರೂ ಗಂಗಾವತಿಯ ಪೇಟೆಯ ಬದಿಯಲ್ಲಿ ಒಂದು ನಿವೇಶನಕ್ಕೆ ತೆರುವ ಹಣದಲ್ಲಿ ಕುಷ್ಟಗಿ, ಯಲಬುರ್ಗಾಗಳ ಒಳಹಳ್ಳಿಯಲ್ಲಿ ಕಟ್ಟಿದ ಮನೆಯೇ ದೊರೆತೀತು.

ಹಿಂದೆ ಹೀಗಿರಲಿಲ್ಲ. ಕೊಪ್ಪಳ ಪ್ರಾಚೀನ ಕೋಪಣ. ಅಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಯಲಬುರ್ಗಾ ಸಿಂದರ ರಾಜಧಾನಿಯಾಗಿದ್ದ ಎರಂಬರಗೆ. ಇಟಗಿಯ ಮಹಾದೇವ ದೇವಾಲಯ 1112ರದು. ಆ ಕಾಲದ ಕನ್ನಡ ಶಾಸನಗಳನ್ನು ಓದುವವರಿಗೆ ‘ಮನೆಯ ನಿವೇಶನ’ ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕೋ ಬ್ರಾಹ್ಮಣರಿಗೋ ಮತ್ತರುಗಟ್ಟಲೆ ಭೂಮಿ ಬಿಡುವಾಗ ಅದರೊಡನೆ ಮನೆಯ ನಿವೇಶನವನ್ನೂ ದತ್ತಿಯಾಗಿ ಬಿಡುತ್ತಿದ್ದರು. ಪೂಜಾರಿಗೆ, ಮಾಲೆಗಾರನಿಗೆ, ವಾದ್ಯಗಾರನಿಗೆ ಕೆಲಸದ ಜೊತೆಯಲ್ಲಿಯೇ ಇರುವ ಠಾವೂ ದೊರೆಯುತ್ತಿತ್ತು. ಹಳ್ಳಿಯಲ್ಲಿಯೂ ಪದ್ಧತಿ ಇಂಥದೇ. ಗಾಂವಠಾಣದೊಳಗೆ ಬಡಿಗನಿಗೆ, ಕಂಬಾರನಿಗೆ, ತಳವಾರನಿಗೆ ಇಂತಿಂಥ ಓಣಿ ಎಂದು ಗೊತ್ತಾಗಿತ್ತು. ಈ ವ್ಯವಸ್ಥೆಯನ್ನು ಹೊಗಳಬೇಕಾದುದೇನೂ ಇಲ್ಲ. ಯಾರು ಎಲ್ಲಿರಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಕೇರಿಯ ಜನ ಊರ ಹೊರಗೇ ಉಳಿದರು. ಆದರೆ ಒಂದು ಮಾತು ನಿಜ: ದುಡಿಮೆ ಎಲ್ಲಿಯೋ ಮನೆಯೂ ಅಲ್ಲಿಯೇ ಇದ್ದಿತು.

ಕಟ್ಟುವ ರೀತಿಯೂ ನಾಲ್ಕೂ ಕಡೆಗಳಲ್ಲಿ ಹೆಚ್ಚುಕಡಿಮೆ ಒಂದೇ. ಕಲ್ಲು ಮಣ್ಣಿನ ದಪ್ಪ ಗೋಡೆ, ಬೇವು ಜಾಲಿಗಳ ತೊಲೆ, ಮೇಲೆ ಜಂತಿ, ಅದರ ಮೇಲೆ ಸೌಳುಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಯಲಬುರ್ಗಾದ ಎರೆಭೂಮಿಯಲ್ಲಿ ತಳಪಾಯವನ್ನು ತುಸು ಆಳಕ್ಕೆ ತೋಡಬೇಕು, ಮಸಾರಿಯಲ್ಲಿ ಅಷ್ಟು ಬೇಡ. ಇರುವ ವ್ಯತ್ಯಾಸ ಇಷ್ಟೇ. ಸಾಮಗ್ರಿ ಊರ ಸುತ್ತಲಿನದು, ಕೈಗಳು ನೆರೆಹೊರೆಯವರವು.

ನಾಲ್ಕೂ ತಾಲೂಕುಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗ್ ಮನೆತನದ ಜಾಗೀರು. 1947–48ರ ರಜಾಕಾರರ ಹಾವಳಿಯಲ್ಲಿ ಇಲ್ಲಿನ ಎಷ್ಟೋ ಕುಟುಂಬಗಳು ಗಡಿ ದಾಟಿ ಮುಂಡರಗಿ, ಗಜೇಂದ್ರಗಡ, ಗದಗುಗಳ ಕಡೆಗೆ ಹೋಗಿ ತಲೆಮರೆಸಿಕೊಂಡವು. ಸ್ವಂತ ಮಾಳಿಗೆಯಿದ್ದವರು ಪರರ ಪಡಸಾಲೆಯಲ್ಲಿ ದಿನ ಕಳೆದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರಲ್ಲಿ ಈ ನಾಡು ಕನ್ನಡನಾಡಿನೊಡನೆ ಒಂದಾಯಿತು. ಇವೆಲ್ಲ ದೊಡ್ಡ ಬದಲಾವಣೆಗಳೇ. ಆದರೆ ನೆಲದ ಬೆಲೆಯನ್ನು ಇಬ್ಭಾಗ ಮಾಡಿದ್ದು ಇವುಗಳಲ್ಲಿ ಯಾವುದೂ ಅಲ್ಲ. ಅದನ್ನು ಮಾಡಿದ್ದು ಒಂದು ಕಾಲುವೆ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕೊಪ್ಪಳ ತಾಲೂಕಿನ ಮುನಿರಾಬಾದಿನಲ್ಲಿ ಹುಟ್ಟುವ ಎಡದಂಡೆಯ ಕಾಲುವೆ ಗಂಗಾವತಿಯನ್ನು ತೋಯಿಸಿ ಸಿಂಧನೂರು, ಮಾನ್ವಿಗಳ ಕಡೆಗೆ ಸಾಗುತ್ತದೆ. ಕುಷ್ಟಗಿ, ಯಲಬುರ್ಗಾಗಳು ಎತ್ತರದ ನೆಲ. ಆ ನೀರು ಅಲ್ಲಿಗೆ ಏರಲಿಲ್ಲ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಒಂದು ತಾಲೂಕಿಗೆ ಹೊಳೆಯೇ ಬಂದು ಉಳಿದವಕ್ಕೆ ಮೋಡವೊಂದೇ ಗತಿಯಾದರೆ ಏನಾಗಬೇಕೋ ಅದೇ ಆಯಿತು.

ಕಾಲುವೆಯ ಯೋಜನೆ ಮುಖ್ಯವಾಗಿ ಜೋಳ, ಹತ್ತಿ ಮೊದಲಾದ ಅರೆನೀರಾವರಿಯ ಬೆಳೆಗಳಿಗಾಗಿ ಮಾಡಿದ್ದು. ಮಳೆಯನ್ನೇ ನಂಬಿದ್ದ ಇಲ್ಲಿನ ರೈತನಿಗೆ ಕಾಲುವೆಯ ಬೇಸಾಯ ಹೊಸದು. ಗದ್ದೆ ಮಟ್ಟಮಾಡಲು ಅವನ ಕೈಯಲ್ಲಿ ಬಂಡವಾಳವೂ ಇರಲಿಲ್ಲ. ಆಗ ಆಂಧ್ರದ ಕರಾವಳಿಯ ಜಿಲ್ಲೆಗಳಿಂದ ರೈತರು ಬಂದರು. ಕೃಷ್ಣಾ, ಗೋದಾವರಿಗಳ ಬಯಲಿನಲ್ಲಿ ಭೂಮಿ ಬಹಳ ತುಟ್ಟಿ, ಇಲ್ಲಿ ಬಹಳ ಸೋವಿ. ಅಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಬಂದವು. ಅವರು ಭತ್ತ ಬೆಳೆದರು. ಕಾಲುವೆಯುದ್ದಕ್ಕೂ ಶ್ರೀರಾಮನಗರದಂಥ ‘ಕ್ಯಾಂಪು’ಗಳನ್ನು ಕಟ್ಟಿದರು. ಅವರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಗಂಗಾವತಿ ಭತ್ತದ ಕಣಜವೆನಿಸಿದ್ದು ಆ ಶ್ರಮದಿಂದಲೇ. ಆದರೆ ನೀರು ಬರುವ ಮೊದಲಿನ ಬೆಲೆಯಲ್ಲಿ ಹೊಲ ಮಾರಿದ ಸ್ಥಳೀಯ ರೈತ, ನೀರು ಬಂದ ಮೇಲಿನ ಬೆಲೆಯಲ್ಲಿ ಅದನ್ನು ಮರಳಿ ಕೊಳ್ಳಲಾರದೆ ಹೋದನು.

ಹೊಲದ ಬೆಲೆ ಏರಿದರೆ ಮನೆಯ ಜಾಗದ ಬೆಲೆ ಏರದೆ ಇದ್ದೀತೆ? ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿಯೇ ಇದರ ಗುಟ್ಟನ್ನು ಬಿಡಿಸಿದ್ದನು. ಭೂಮಿಯ ಗೇಣಿ ಹುಟ್ಟುವುದು ಅದರ ಫಲವತ್ತತೆಯ ಅಂತರದಿಂದ, ಬೆಳೆಯ ಬೆಲೆಯನ್ನು ಅನುಸರಿಸಿ ಗೇಣಿ ಏರುತ್ತದೆ ಎಂಬುದು ಅವನ ವಾದದ ತಿರುಳು. ಮನೆಗೂ ಇದೇ ನ್ಯಾಯ. ಎರಡು ಬೆಳೆ ಭತ್ತ ಕೊಡುವ ಗದ್ದೆಯ ಒಡೆಯನು, ಆ ಭತ್ತದ ಆದಾಯವನ್ನು ಮೀರಿದ ಬೆಲೆ ಬಾರದೆ ಗದ್ದೆಯನ್ನು ನಿವೇಶನಕ್ಕೆ ಬಿಟ್ಟುಕೊಡನು. ಗಾಂವಠಾಣವೋ ಹಿಗ್ಗಲಿಲ್ಲ. ಅಕ್ಕಿ ಗಿರಣಿಗಳು, ಲಾರಿಗಳು, ಅಂಗಡಿಗಳು ಬಂದವು, ಜನ ಬಂದರು. 2011ರ ಜನಗಣತಿಯ ಹೊತ್ತಿಗೆ ಗಂಗಾವತಿ ಒಂದು ಲಕ್ಷವನ್ನು ದಾಟಿತ್ತು. ಜಿಲ್ಲಾ ಕೇಂದ್ರವಾದ ಕೊಪ್ಪಳವೇ ಸುಮಾರು 70 ಸಾವಿರದ ಊರು. ಕುಷ್ಟಗಿ, ಯಲಬುರ್ಗಾ ಪಟ್ಟಣಗಳು ಗಂಗಾವತಿಯ ಮೂರರಲ್ಲೊಂದು ಪಾಲಿಗೂ ಬರುತ್ತಿರಲಿಲ್ಲ.

ಕೊಪ್ಪಳದ ಕಥೆ ಬೇರೆ. ಅಲ್ಲಿ ಬೆಲೆಯನ್ನು ಏರಿಸಿದ್ದು ನೀರಿಗಿಂತ ಹೆಚ್ಚಾಗಿ ರೈಲು, ಕಚೇರಿ ಮತ್ತು ಕಾರ್ಖಾನೆ. ರೈಲು ಅಲ್ಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿತ್ತು. ಗಂಗಾವತಿಗೆ ಅದು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಜಿಲ್ಲೆಯಾದ ಮೇಲೆ ಕಚೇರಿಗಳೂ 2015ರಲ್ಲಿ ವೈದ್ಯಕೀಯ ಕಾಲೇಜೂ ಬಂದು, ಸಂಬಳದವರು ಬಾಡಿಗೆಯನ್ನು ಏರಿಸಿದರು. ಕಡಿಮೆ ಆದಾಯದವರು ನೇಕಾರರ ಊರಾದ ಭಾಗ್ಯನಗರದ ಕಡೆಗೋ ಗಿಣಿಗೇರಿಯ ಕಡೆಗೋ ಸರಿದರು. ಆದರೆ ಗಿಣಿಗೇರಿಯ ಸುತ್ತ ಕಬ್ಬಿಣದ ಕಾರ್ಖಾನೆಗಳ ಹೊಗೆ, ದೂಳು. ಮನೆಯ ಮೇಲೆ ಉಳಿಸಿದ್ದನ್ನು ಅಲ್ಲಿ ಆರೋಗ್ಯದಲ್ಲಿ ತೆರಬೇಕಾಗುತ್ತದೆ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳದ ಜನ ಬೀದಿಗಿಳಿದಾಗ ಅವರು ಕೇಳಿದ್ದು ಉಸಿರಾಡಲು ಯೋಗ್ಯವಾದ ನೆಲೆಯನ್ನೇ.

ಇನ್ನು ಒಣತಾಲೂಕುಗಳು. ಬರ ಬಂದಾಗ ಊರು ಬಿಡುವುದಕ್ಕೆ ಇಲ್ಲಿ ‘ಗುಳೆ’ ಎಂದು ಹೆಸರು. ಹಿಂದೆ ಬರಗಾಲಕ್ಕೊಮ್ಮೆ ಆಗುತ್ತಿದ್ದುದು ಈಗ ವರ್ಷವರ್ಷದ ರೂಢಿಯಾಗಿದೆ. ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗರು ಮಂಗಳೂರು, ಗೋವಾ, ಬೆಂಗಳೂರುಗಳಲ್ಲಿ ಪರರ ಮನೆ ಕಟ್ಟುತ್ತಾರೆ. ತಾವು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಊರಿನ ಸ್ವಂತ ಮನೆಗೆ ಬೀಗ, ಜಗುಲಿಯ ಮೇಲೆ ಮುದುಕರು. ಆ ಮನೆ ಅಗ್ಗದ್ದೆಂದು ಕೊಳ್ಳುವವರಾರು? ದುಡಿಮೆ ಇಲ್ಲದಲ್ಲಿ ಮನೆ ಅಗ್ಗ. ದುಡಿಮೆ ಇದ್ದಲ್ಲಿ ದುಡಿಯುವವನಿಗೆ ಮನೆ ನಿಲುಕದು. ನಾಲ್ಕು ತಾಲೂಕುಗಳ ಎಪ್ಪತ್ತು ವರ್ಷದ ಚರಿತ್ರೆಯ ಸಾರ ಇದು.

ಸರ್ಕಾರ ಏನನ್ನೂ ಮಾಡಿಲ್ಲವೆನ್ನಲಾಗದು. 1991–92ರ ಆಶ್ರಯ ಯೋಜನೆಯಿಂದ 2016ರ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯವರೆಗೆ ಹಲವು ನೆರವುಗಳು ಬಂದಿವೆ. ತಾಂಡಾ, ಹಟ್ಟಿಗಳಂಥ ದಾಖಲೆಯಿಲ್ಲದ ವಸತಿಗಳಿಗೆ ಹಕ್ಕುಪತ್ರ ಕೊಡುವ ಕೆಲಸವೂ ನಡೆದಿದೆ. ಆದರೆ ಆ ಆವಾಸ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ ಗೊತ್ತುಮಾಡಿದ್ದು 1,20,000 ರೂಪಾಯಿ; ಯಲಬುರ್ಗಾದ ಹಳ್ಳಿಗೂ ಗಂಗಾವತಿಯ ಹಳ್ಳಿಗೂ ಲೆಕ್ಕ ಒಂದೇ. ಅದು ಗೋಡೆ ಸೂರುಗಳ ಲೆಕ್ಕ. ಯಲಬುರ್ಗಾದವನಿಗೆ ಜಾಗವಿದೆ, ಹಣದಿಂದ ಮನೆ ಎದ್ದು ನಿಲ್ಲುತ್ತದೆ. ಅವನು ಮಾತ್ರ ಅದಕ್ಕೆ ಬೀಗ ಹಾಕಿ ಗೋವೆಗೆ ಹೋಗುತ್ತಾನೆ. ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳಿಗೆ ದುಡಿಮೆಯಿದೆ, ಜಾಗವಿಲ್ಲ. ಕಾಲುವೆಯ ಬದಿಯ ಗುಡಿಸಲಿಗೆ ಆ ಹಣ ತಲುಪುವುದು ಕಷ್ಟ. ಹಿಂದಿನವರ ಗಾದೆಯನ್ನೇ ನಾವಿನ್ನೂ ನಂಬಿದ್ದೇವೆ. ಕಟ್ಟುವುದಕ್ಕೆ ನೆರವು ಕೊಟ್ಟರೆ ಸಾಕು, ಜಾಗ ಹೇಗೂ ಇದ್ದೇ ಇರುತ್ತದೆ ಎಂದುಕೊಂಡಿದ್ದೇವೆ.

ಕಾಲುವೆ ತಂದ ಬೆಲೆಯೂ ಶಾಶ್ವತವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಎಡದಂಡೆಯ ಊರುಗಳಿಗೆಲ್ಲ ತಮ್ಮ ಸಂಪತ್ತು ಯಾವುದಕ್ಕೆ ತೂಗುಬಿದ್ದಿದೆಯೆಂಬುದು ಕಂಡಿತು. ಮನುಷ್ಯರು ತಂದ ನೀರು, ಹಾಕಿದ ಹಳಿ, ತೆರೆದ ಕಚೇರಿಗಳೇ ನೆಲಕ್ಕೆ ಈ ಬೆಲೆಯನ್ನು ಕೊಟ್ಟವೆಂದ ಮೇಲೆ, ಆ ಬೆಲೆಯಲ್ಲಿ ದುಡಿಯುವವರಿಗೂ ಒಂದು ಪಾಲಿರಬೇಕು. ಹೊಸ ಹಳಿಯ ಪಕ್ಕದಲ್ಲಿ, ಹೊಸ ಕಾರ್ಖಾನೆಯ ನೆರೆಯಲ್ಲಿ ನೆಲ ಇನ್ನೂ ಅಗ್ಗವಾಗಿರುವಾಗಲೇ ಕೂಲಿಕಾರರ ವಸತಿಗೆಂದು ಒಂದು ಭಾಗವನ್ನು ತೆಗೆದಿಡಬೇಕು. ಗಂಗಾವತಿಯಲ್ಲಿ 1953ಕ್ಕೆ ಮೊದಲು ಮಾಡಬೇಕಾಗಿದ್ದ ಈ ಕೆಲಸಕ್ಕೆ ಅಲ್ಲಿ ಕಾಲ ಮೀರಿತು. ರೈಲು ಈಗತಾನೆ ಮುಟ್ಟಿರುವ ಕುಷ್ಟಗಿಯಲ್ಲಿ ಇನ್ನೂ ಮೀರಿಲ್ಲ.