ಹಕ್ಕುಗಳ ಸನ್ನದು ಮತ್ತು ರಾಜ್ಯ ಸರ್ಕಾರಗಳು: ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿಗಳು ಹಕ್ಕುಗಳ ಸನ್ನದೆಂದು ಪ್ರಸಿದ್ಧವಾಗಿವೆ. ಇವು ಮೊದಲಲ್ಲಿ ಒಕ್ಕೂಟ ಸರ್ಕಾರದ ಅಧಿಕಾರವನ್ನು ಮಾತ್ರ ನಿರ್ಬಂಧಿಸುತ್ತಿದ್ದುವು. ಆತ್ಮಸಾಕ್ಷಿಯ ಹಕ್ಕು, ಮುದ್ರಣ ಸ್ವಾತಂತ್ರ್ಯ, ಅಪರಾಧ ಪ್ರಕರಣಗಳಲ್ಲಿ ಜ್ಯೂರಿಯ ವಿಚಾರಣೆ, ಇವನ್ನು ರಾಜ್ಯಗಳೂ ಉಲ್ಲಂಘಿಸಕೂಡದೆಂದು ಜೇಮ್ಸ್ ಮ್ಯಾಡಿಸನ್ 1789ರಲ್ಲಿ ತಂದ ಸೂಚನೆಯು ಪ್ರತಿನಿಧಿ ಸಭೆಯ ಒಪ್ಪಿಗೆ ಪಡೆದರೂ ಸೆನೆಟ್ಟಿನಲ್ಲಿ ಬಿದ್ದುಹೋಯಿತು.

ಈ ಮಿತಿಯು ನ್ಯಾಯಾಲಯದಲ್ಲಿ ಸ್ಥಿರಪಟ್ಟದ್ದು 1833ರಲ್ಲಿ. ಬಾಲ್ಟಿಮೋರ್ ನಗರಾಡಳಿತವು ರಸ್ತೆಗಳ ಕಾಮಗಾರಿಗಾಗಿ ಹೊಳೆಗಳ ಹರಿವನ್ನು ತಿರುಗಿಸಲು, ಜಾನ್ ಬ್ಯಾರನ್ನನ ಹಡಗುಕಟ್ಟೆಯ ಬಳಿ ಹೂಳು ತುಂಬಿ ಹಡಗು ನಿಲ್ಲುವಷ್ಟು ಆಳವುಳಿಯಲಿಲ್ಲ. ವಿಚಾರಣಾ ನ್ಯಾಯಾಲಯವು ಕೊಡಿಸಿದ್ದ 4,500 ಡಾಲರ್ ಪರಿಹಾರವನ್ನು ರಾಜ್ಯದ ಮೇಲ್ಮನವಿ ನ್ಯಾಯಾಲಯವು ತಳ್ಳಿಹಾಕಿತು. ಆಸ್ತಿಗೆ ಪರಿಹಾರ ವಿಧಿಸುವ ಐದನೆಯ ತಿದ್ದುಪಡಿಯು ರಾಜ್ಯಗಳನ್ನು ಕಟ್ಟಿಹಾಕಲಾರದೆಂದು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿತ್ತರು.

ಅಂತರ್ಯುದ್ಧಾನಂತರ, 1868ರಲ್ಲಿ ಅಂಗೀಕೃತವಾದ ಹದಿನಾಲ್ಕನೆಯ ತಿದ್ದುಪಡಿಯು ಪೌರರ ವಿಶೇಷಾಧಿಕಾರಗಳನ್ನು ರಾಜ್ಯಗಳು ಮೊಟಕುಗೊಳಿಸಬಾರದೆಂದೂ, ಯುಕ್ತ ನ್ಯಾಯಕ್ರಮವಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಯನ್ನೂ ಅಪಹರಿಸಬಾರದೆಂದೂ ವಿಧಿಸಿತು. ಸನ್ನದನ್ನೇ ಇಡಿಯಾಗಿ ರಾಜ್ಯಗಳ ಮೇಲೆ ಹೊರಿಸುವುದು ಇದರ ಉದ್ದೇಶವಾಗಿತ್ತೆ ಎಂಬುದೇ ದೀರ್ಘ ವಿವಾದದ ಮೂಲ. ಮೊದಲ ಎಂಟು ತಿದ್ದುಪಡಿಗಳ ಹಕ್ಕುಗಳೂ ಇದರಲ್ಲಿ ಅಡಕವೆಂದು ಸೆನೆಟರ್ ಜೇಕಬ್ ಹೊವಾರ್ಡ್ 1866ರ ಮೇ ತಿಂಗಳಲ್ಲಿ ಸೆನೆಟ್ಟಿನಲ್ಲಿ ಸ್ಪಷ್ಟವಾಗಿ ನುಡಿದಿದ್ದರು. ಆದರೆ 1873ರ ಕಸಾಯಿಖಾನೆ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ವಿಶೇಷಾಧಿಕಾರದ ಉಪವಾಕ್ಯವನ್ನು ಬಹುಮಟ್ಟಿಗೆ ನಿರ್ವೀರ್ಯಗೊಳಿಸಿತು. 1947ರ ಆಡಮ್ಸನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ತಿದ್ದುಪಡಿಯ ಇತಿಹಾಸವನ್ನೇ ಅನುಬಂಧವಾಗಿ ಲಗತ್ತಿಸಿ ಸಮಗ್ರ ಅನ್ವಯವನ್ನು ಪ್ರತಿಪಾದಿಸಿದರು. ಸಹ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದನ್ನು ನಿರಾಕರಿಸಿದರು. 1949ರಲ್ಲಿ ವಿದ್ವಾಂಸ ಚಾರ್ಲ್ಸ್ ಫೇರ್ಮನ್ ಬ್ಲ್ಯಾಕರ ಇತಿಹಾಸವನ್ನು ಖಂಡಿಸಿದ ತರುವಾಯ ಕೆಲವು ದಶಕಗಳ ಕಾಲ ವಿದ್ವಾಂಸರ ಒಲವು ಆ ಪಕ್ಷಕ್ಕಿದ್ದು, ಮೈಕೇಲ್ ಕೆಂಟ್ ಕರ್ಟಿಸ್ (1986), ಅಖಿಲ್ ಅಮರ್ (1998) ಇವರ ಗ್ರಂಥಗಳಿಂದ ಬ್ಲ್ಯಾಕರ ವಾದವು ಮರಳಿ ಬಲಗೊಂಡಿತು.

ಇದೇ ಫ್ರಾಂಕ್‌ಫರ್ಟರರನ್ನು ಭಾರತ ಸಂವಿಧಾನ ಸಭೆಯ ಸಲಹೆಗಾರರಾದ, ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು 1947ರಲ್ಲಿಯೇ ಸಂದರ್ಶಿಸಿದ್ದರು. ಯುಕ್ತ ನ್ಯಾಯಕ್ರಮವೆಂಬ ಪದಪುಂಜವು ಭಾರತದ ಕರಡಿನಿಂದ ಬಿಟ್ಟುಹೋದುದರಲ್ಲಿ ಆ ಸಮಾಲೋಚನೆಯ ಪ್ರಭಾವವುಂಟು. ಭಾರತ ಸಂವಿಧಾನದ 12ನೆಯ ಅನುಚ್ಛೇದವು ಕೇಂದ್ರ, ರಾಜ್ಯ, ಸ್ಥಳೀಯ ಪ್ರಾಧಿಕಾರಗಳೆಲ್ಲವನ್ನೂ ಮೊದಲೇ ಒಳಗೊಂಡುದರಿಂದ ಅಮೆರಿಕದ ಈ ತೊಡಕು ಇಲ್ಲಿ ಹುಟ್ಟಲಿಲ್ಲ.

ಅತ್ತ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬ್ಲ್ಯಾಕರ ಮಾರ್ಗವನ್ನಾಗಲಿ ಫ್ರಾಂಕ್‌ಫರ್ಟರರ ನಿರಾಕರಣೆಯನ್ನಾಗಲಿ ಪೂರ್ತಿ ಹಿಡಿಯದೆ, ನ್ಯಾಯಕ್ರಮದ ಉಪವಾಕ್ಯದ ಮೂಲಕ ಹಕ್ಕುಗಳನ್ನು ಒಂದೊಂದಾಗಿ ಅನ್ವಯಿಸಿತು: ಆಸ್ತಿಯ ಪರಿಹಾರ (1897), ವಾಕ್‌ಸ್ವಾತಂತ್ರ್ಯ (1925), ಅಕ್ರಮ ಶೋಧದ ಸಾಕ್ಷ್ಯಕ್ಕೆ ನಿಷೇಧ (1961), ನಿರ್ಗತಿಕ ಆರೋಪಿಗೆ ವಕೀಲ (1963), ಜ್ಯೂರಿ (1968), ಶಸ್ತ್ರಧಾರಣೆ (2010). ಗರಿಷ್ಠ 10,000 ಡಾಲರ್ ದಂಡದ ಅಪರಾಧಕ್ಕೆ ಇಂಡಿಯಾನಾ ರಾಜ್ಯವು ಸುಮಾರು 42,000 ಡಾಲರಿನ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಹೊರಟಾಗ, ಅತಿದಂಡದ ನಿಷೇಧವು 2019ರಲ್ಲಿ ರಾಜ್ಯಗಳಿಗೂ ಅನ್ವಯವಾಯಿತು. 2020ರಲ್ಲಿ ಜ್ಯೂರಿಯ ಸರ್ವಾನುಮತದ ನಿಯಮವೂ ಅನ್ವಯವಾಯಿತು. ಗ್ರ್ಯಾಂಡ್ ಜ್ಯೂರಿಯ ಆರೋಪಣೆ, ಸಿವಿಲ್ ದಾವೆಗಳ ಜ್ಯೂರಿ, ಇವೆರಡಕ್ಕೂ ರಾಜ್ಯಗಳು ಇಂದಿಗೂ ಬದ್ಧವಲ್ಲ.