ಎದೆಯೆತ್ತರಕ್ಕೆ ಬೆಳೆದ ಮಗ

ಮಗನಿಗೆ ಹದಿನಾರು ವರ್ಷ ತುಂಬಿದ ಮೇಲೆ ಅವನನ್ನು ಗೆಳೆಯನಂತೆ ಕಾಣಬೇಕೆಂಬುದು ನಮ್ಮ ನೀತಿಶಾಸ್ತ್ರದ ಮಾತು. ಮಾತು ಹಳೆಯದು; ಅದನ್ನು ನಡೆಸಿದ ಮನೆಗಳು ವಿರಳ.

ಹಿಂದೆ ಶಾನುಭೋಗಿಕೆ, ಪೌರೋಹಿತ್ಯ, ಮಗ್ಗ, ಕುಲುಮೆ ಎಲ್ಲವೂ ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು. ತಂದೆಯೇ ಗುರು, ಮನೆಯೇ ಪಾಠಶಾಲೆ. ಸಲಿಗೆಗೆ ಎಡೆಯಿರಲಿಲ್ಲ, ಆದರೆ ಮಗ ಮುಂದೆ ಏನಾದಾನೆಂಬ ಕಳವಳವೂ ಅಷ್ಟಾಗಿ ಇರಲಿಲ್ಲ. ಬೆಂಗಳೂರಿನಲ್ಲಿ ಈ ಏರ್ಪಾಡು ಸಡಿಲವಾದುದು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದ 1890ರ ದಶಕದ ಸುಮಾರಿನಲ್ಲಿ. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಈ ಬಡಾವಣೆಗಳಿಗೆ ಬಂದವರಲ್ಲಿ ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಅನೇಕರು. ತಮ್ಮ ಹುದ್ದೆಯನ್ನು ಮಗನಿಗೆ ಬರೆದುಕೊಡುವಂತಿರಲಿಲ್ಲ. ಫೀಜು ಕಟ್ಟಿ ಓದಿಸಬಹುದಾಗಿತ್ತು, ಅಷ್ಟೆ. ಗುರುವಾಗಿದ್ದ ತಂದೆ ಪರೀಕ್ಷೆಯ ಫಲ ಕೇಳುವ ನ್ಯಾಯಾಧೀಶನಾದ. ಹಳ್ಳಿಯ ಪರಂಪರೆಯ ಶಾನುಭೋಗಿಕೆಯೂ 1961ರ ಕಾಯಿದೆಯಿಂದ ರದ್ದಾಯಿತು.

ಟಿ. ಪಿ. ಕೈಲಾಸಂ ಅವರ ತಂದೆ ಪರಮಶಿವ ಅಯ್ಯರ್ ನಿಜವಾಗಿಯೂ ನ್ಯಾಯಾಧೀಶರೇ. ಮಗ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರದ ಕೆಲಸ ಹಿಡಿದು, ಅದನ್ನು ಬಿಟ್ಟು ನಾಟಕಕ್ಕೆ ಒಲಿದರು. ಅವರ ‘ಟೊಳ್ಳುಗಟ್ಟಿ’ಯಲ್ಲಿ ಪುಟ್ಟು ಓದಿನಲ್ಲಿ ಜಾಣ, ಮಾಧು ಹಿಂದುಳಿದವನು. ಮನೆಗೆ ಬೆಂಕಿ ಬಿದ್ದಾಗ ಟೊಳ್ಳು ಯಾರು, ಗಟ್ಟಿ ಯಾರು ಎಂಬುದು ಹೊರಬೀಳುತ್ತದೆ. ನೋಡಿ ನಕ್ಕ ತಂದೆಯರು ಮನೆಗೆ ಹೋಗುವಾಗ ಸ್ವಲ್ಪ ಯೋಚಿಸಿರಬೇಕು.

ಬಸವನಗುಡಿಯ ಡಿ. ವಿ. ಗುಂಡಪ್ಪನವರ ಮನೆಯದು ಬೇರೊಂದು ಬಗೆ. ತಂದೆ ಮೆಟ್ರಿಕ್ಯುಲೇಷನ್ ದಾಟಿದವರಲ್ಲ. ಮಗ ಬಿ. ಜಿ. ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ ಹಾರ್ವರ್ಡಿನಲ್ಲಿ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಾದರು. 1924ರಲ್ಲಿ ಪತ್ನಿ ತೀರಿಕೊಂಡ ಮೇಲೆ ಗುಂಡಪ್ಪನವರು ಮರುಮದುವೆಯಾಗಲಿಲ್ಲ. ಎಳೆಯ ಮಕ್ಕಳ ಭಾರ ಅವರ ಮೇಲಿತ್ತು. ತಂದೆಯ ವೃತ್ತಿ ಪತ್ರಿಕೋದ್ಯಮ, ಮಗನದು ಪ್ರಯೋಗಶಾಲೆ. ತಂದೆಯ ಬರಹ ಗಂಭೀರ, ಮಗನದು ತುಂಟತನದ್ದು. ಆದರೂ ಇಬ್ಬರಿಗೂ ಆಸರೆಯಾದದ್ದು ಕನ್ನಡ. ಭಗವದ್ಗೀತೆಯ ಬಗೆಗಿನ ಗ್ರಂಥಕ್ಕೆ ತಂದೆಗೆ 1967ರಲ್ಲಿ, ‘ಹಸುರು ಹೊನ್ನು’ ಕೃತಿಗೆ ಮಗನಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಗನ ಗೌರವವನ್ನು ಕಾಣಲು ತಂದೆ ಉಳಿದಿರಲಿಲ್ಲ. ಅವರು 1975ರಲ್ಲೇ ಕಾಲವಾಗಿದ್ದರು.

ಇಂದಿನ ಮಗ ತಂದೆಗೆ ತಿಳಿಯದ ವಿದ್ಯೆಯನ್ನು ಕಲಿತು, ತಂದೆ ಕಾಣದ ಊರಿಗೆ ಹೋಗುತ್ತಾನೆ. ಕಸುಬನ್ನು ಕೊಡಲಾರದ ತಂದೆ ನುಡಿಯನ್ನೂ ನಡತೆಯನ್ನೂ ಕೊಡಬಲ್ಲ. ಅಷ್ಟನ್ನು ಕೊಟ್ಟು, ಮಿಕ್ಕದ್ದನ್ನು ಮಗನ ಆಯ್ಕೆಗೆ ಬಿಟ್ಟರೆ, ಹದಿನಾರರ ಗೆಳೆತನ ಶಾಸ್ತ್ರದ ಮಾತಾಗಿ ಉಳಿಯದೆ ಮನೆಯ ಮಾತಾದೀತು.